ಬುಧವಾರದ ಪ್ರಾರ್ಥನೆ: ಧೈರ್ಯವಾಗಿ ಕೇಳೋಣ, ತಲೆಬಾಗಿ ಕೇಳೋಣ

ಪ್ರೀತಿಯ ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ, ಕರ್ತನ ನಾಮದಲ್ಲಿ ವಂದನೆಗಳು.

ಬುಧವಾರದ ಪ್ರಾರ್ಥನಾ ಕೂಟಕ್ಕೆ ಬೈಬಲಿನ ಆದಿಕಾಂಡ 18ನೇ ಅಧ್ಯಾಯ ಓದಿಕೊಂಡು ಬನ್ನಿ. ಪಾಪದಿಂದಾಗಿ ನಾಶವಾಗಲಿದ್ದ ಸೊದೋಮ್ ಊರಿಗಾಗಿ ಅಬ್ರಹಾಮನು ದೇವರ ಮುಂದೆ ನಿಂತು ಬೇಡುವ ಭಾಗ. 50 ಮಂದಿ ನೀತಿವಂತರಿದ್ದರೆ ಊರನ್ನು ಉಳಿಸುವೆಯಾ ಅಂತ ಶುರುಮಾಡುತ್ತಾನೆ. ಆಮೇಲೆ 45, 40, 30, 20, ಕೊನೆಗೆ 10. ಆರು ಸಲ ಕೇಳುತ್ತಾನೆ! ಆದರೆ ನಡುವೆ, ನಾನು ಬರೀ ಮಣ್ಣು, ಬೂದಿ ಅನ್ನುತ್ತಾನೆ. ಸಿಟ್ಟಾಗಬೇಡ ಸ್ವಾಮಿ ಅನ್ನುತ್ತಾನೆ. ಅಷ್ಟು ಧೈರ್ಯ, ಅಷ್ಟೇ ತಗ್ಗಿದ ಮನಸ್ಸು, ಎರಡೂ ಒಂದೇ ಬಾಯಲ್ಲಿ. ಓದಿದಾಗಲೆಲ್ಲ ನನ್ನ ಮನಸ್ಸು ಕರಗುತ್ತದೆ.

ನಾವು ಜಾಸ್ತಿ ಬೇಡುವುದು ಗಂಡ ಬದಲಾಗಲಿ, ಸೊಸೆ ಬದಲಾಗಲಿ ಅಂತ, ಅಲ್ವಾ? ಅದು ತಪ್ಪಲ್ಲ. ಈ ವಾರ ಮಾತ್ರ ಮೊದಲು ನಮ್ಮದೇ ಒಂದು ವಿಷಯ ಹಿಡಿಯೋಣ. ನನ್ನದು ಸಿಟ್ಟು. ಎರಡು ವರ್ಷದಿಂದ ತಮ್ಮನ ಜೊತೆ ಮಾತಿಲ್ಲ. ಸುಮ್ನೆ "ಸಹಾಯ ಮಾಡು" ಅನ್ನುವುದು ಬಿಟ್ಟು, ಭಾನುವಾರದೊಳಗೆ ಅವನಿಗೆ ಫೋನ್ ಮಾಡುವ ಬಲ ಕೊಡು ಎಂದು ಕೇಳುತ್ತಿದ್ದೇನೆ.

ನಿಮ್ಮ ವಿಷಯ ಇಲ್ಲಿ ಹಾಕಲು ಸಂಕೋಚವಾದರೆ "ನನಗಾಗಿಯೂ" ಎಂದಷ್ಟೇ ಬರೆಯಿರಿ. ಹೆಸರು ಹಿಡಿದು ಪ್ರಾರ್ಥಿಸುತ್ತೇವೆ. ಸಂಜೆ 7ಕ್ಕೆ ಸಿಗೋಣ.