ಅಡುಗೆ ಪುಟದಲ್ಲಿ ತೂಕ, ಡಿಗ್ರಿ ಎರಡೂ ಇರಲಿ

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್ ಹಿಂದಿನ ಭಾನುವಾರ ನಿಮ್ಮ ಪುರವಣಿಯಲ್ಲಿ ಬೇಕನ್ (ಉಪ್ಪು ಹಾಕಿದ ಹಂದಿ ಮಾಂಸದ ಪಟ್ಟಿ) ಸುತ್ತಿದ ಟರ್ಕಿ ಕೋಳಿಯ ರೋಲ್ ಮಾಡುವ ವಿಧಾನ ಬಂದಿತ್ತು. ಕನ್ನಡ ಪತ್ರಿಕೆಯಲ್ಲಿ ಇದನ್ನು ನೋಡಿ ತುಂಬಾ ಖುಷಿಯಾಯಿತು. ಆಲ್ದೂರು ಕಡೆಯ ಒಂದು ಕಾಫಿ ಎಸ್ಟೇಟಿನ ಬಂಗ್ಲೆಯಲ್ಲಿ ನಾನು 31 ವರ್ಷ ಅಡುಗೆ ಮಾಡಿದವನು. ಪ್ರತಿ ಡಿಸೆಂಬರ್‌ನಲ್ಲೂ ಈ ರೋಸ್ಟ್ ಮಾಡಿದ್ದೇನೆ. ಆದರೆ ನಿಮ್ಮ ವಿಧಾನದ ಕೊನೆಯಲ್ಲಿ ‘ಹದವಾಗಿ ಬೆಂದ ಮೇಲೆ ಇಳಿಸಿ’ ಅಂತಷ್ಟೇ ಇತ್ತು. ಮಾಂಸ ಎಷ್ಟು ತೂಕ, ಕಾವು ಎಷ್ಟು ಅನ್ನುವುದು ಎಲ್ಲೂ ಇರಲಿಲ್ಲ. ಮೊದಲ ಸಲ ಟರ್ಕಿ ಮುಟ್ಟುವವರಿಗೆ ಹದ ಹೇಗೆ ಗೊತ್ತಾಗಬೇಕು?

ಕೋಳಿ ಸಾರಾದರೆ ಒಂದು ತುಂಡು ಸೌಟಿನಲ್ಲಿ ಎತ್ತಿ ಒತ್ತಿ ನೋಡುತ್ತೇವೆ. ರೋಲ್‌ಗೆ ಹಾಗೆ ಮಾಡಲು ಬರುವುದಿಲ್ಲ. ಹೊರಗೆ ಬೇಕನ್ ಕೆಂಪಗೆ, ಗರಿಗರಿ ಆಗಿರುತ್ತದೆ. ನಡುವೆ ಮಾಂಸ ಇನ್ನೂ ಹಸಿಯೇ ಇರಬಹುದು. ನನ್ನ ಕೈಯಲ್ಲೇ ಹೀಗಾಗಿದೆ. 1994ರ ಕ್ರಿಸ್‌ಮಸ್ ಮಧ್ಯಾಹ್ನ. ಹದಿನಾಲ್ಕು ಜನ ಊಟಕ್ಕೆ ಕೂತಿದ್ದರು. ಚಾಕು ಹಾಕಿದರೆ ನಡುವಿನ ಮಾಂಸ ಬೆಂದೇ ಇರಲಿಲ್ಲ. ತಟ್ಟೆ ವಾಪಸ್ ತಂದು ಮತ್ತೆ ಓವನ್‌ಗೆ ಇಟ್ಟೆ. ಮುಕ್ಕಾಲು ಗಂಟೆ ಎಲ್ಲರೂ ಕಾದರು. ಯಾರೂ ಒಂದು ಮಾತು ಬೈಯಲಿಲ್ಲ, ಅದಕ್ಕೇ ಜಾಸ್ತಿ ನೋವಾಯಿತು. ಆಮೇಲೆ ಅಮ್ಮಾವ್ರು ನನಗೆ ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ತರಿಸಿಕೊಟ್ಟರು.

ರೋಲ್‌ನ ನಟ್ಟನಡುವೆ 74 ಡಿಗ್ರಿ ಸೆಲ್ಸಿಯಸ್ ಬರಬೇಕು. ಅಲ್ಲಿಗೆ ಸಾಲ್ಮೊನೆಲ್ಲಾದಂಥ ರೋಗಾಣು ಸಾಯುತ್ತವೆ. ಒಳಗೆ ತುಂಬಿದ ಮಸಾಲೆಗೂ ಅದೇ ಲೆಕ್ಕ. ಹೆದರಿಕೊಂಡು 85ರವರೆಗೆ ಬೇಯಿಸಿದರೆ ಎದೆ ಮಾಂಸ ನಾರಾಗುತ್ತದೆ. ‘ಟರ್ಕಿ ಅಂದ್ರೆ ಒಣಕಲು’ ಅನ್ನುವ ಮಾತು ಹುಟ್ಟಿದ್ದೇ ಹೀಗೆ. ಇಡೀ ಹಕ್ಕಿ ಇಟ್ಟಾಗ ತೊಡೆ ಬೇಯಲಿ ಅಂತ ಕಾಯುತ್ತೇವೆ, ಅಷ್ಟರಲ್ಲಿ ಎದೆ ಒಣಗಿರುತ್ತದೆ. ಎದೆಯನ್ನು ಬಿಡಿಸಿ ಸುರುಳಿ ಮಾಡುವುದು ಅದಕ್ಕೇ. ಆ ಮಾಂಸದಲ್ಲಿ ನೆಣ ಇಲ್ಲ. ಬೇಕನ್ನಿನ ನೆಣ ಕರಗಿ ಮೇಲಿಂದ ಇಳಿಯುತ್ತಾ ಅದನ್ನು ಕಾಯುತ್ತದೆ.

ನಾನು ಮಾಡುವ ಅಳತೆ ಬರೆಯುತ್ತೇನೆ. ಮೂಳೆ ತೆಗೆದ ಎದೆ ಮಾಂಸ ಒಂದೂವರೆ ಕೆ.ಜಿ. ದಪ್ಪ ಇರುವ ಕಡೆ ಅಡ್ಡ ಸೀಳಿ ಪುಸ್ತಕದ ಹಾಗೆ ಬಿಡಿಸಬೇಕು. ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ, ಎಲ್ಲ ಕಡೆ ಎರಡು ಸೆಂಟಿಮೀಟರ್ ದಪ್ಪ ಬರುವಂತೆ ಲಟ್ಟಣಿಗೆಯಲ್ಲಿ ಬಡಿಯಬೇಕು. ಬೇಕನ್‌ನಲ್ಲೇ ಉಪ್ಪು ಇರುವುದರಿಂದ ಕೆ.ಜಿ.ಗೆ 8 ಗ್ರಾಂ ಉಪ್ಪು ಸಾಕು. ಉಪ್ಪು, ಕುಟ್ಟಿದ ಕಾಳುಮೆಣಸು ಸವರಿ ರಾತ್ರಿ ಫ್ರಿಜ್‌ನಲ್ಲಿಡಿ. ನಮ್ಮ ತೋಟದ ಮೆಣಸಿದ್ದರೆ ಬೇರೆ ಮಸಾಲೆಯೇ ಬೇಡ. ಒಳಗೆ ತುಂಬಲು ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಬ್ರೆಡ್ ಪುಡಿ, ಕಿತ್ತಳೆ ಸಿಪ್ಪೆಯ ತುರಿ, ಚೂರು ಜಾಯಿಕಾಯಿ. ಇಂಗ್ಲಿಷರ ಸೇಜ್ ಸೊಪ್ಪು ಸಿಗದಿದ್ದರೆ ಹಿತ್ತಲಿನ ದೊಡ್ಡಪತ್ರೆ ನಾಲ್ಕೆಲೆ ಹೆಚ್ಚಿ ಹಾಕಿ. ಪೂರ್ತಿ ಆರಿದ ಮೇಲೆಯೇ ತುಂಬಬೇಕು.

ಬಟರ್ ಪೇಪರ್ ಮೇಲೆ ತೆಳು ಬೇಕನ್ ಪಟ್ಟಿಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ ಜೋಡಿಸಿ. ಹನ್ನೆರಡು, ಹದಿನಾಲ್ಕು ಪಟ್ಟಿ ಬೇಕಾಗುತ್ತದೆ. ದಪ್ಪ ಪಟ್ಟಿ ಬೇಡ, ಗರಿಯಾಗುವುದಿಲ್ಲ. ಸುತ್ತಿದ ಸುರುಳಿಯನ್ನು ಅದರ ಮೇಲಿಟ್ಟು ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ. ಹತ್ತಿ ದಾರದಲ್ಲೇ ಕಟ್ಟಬೇಕು, ನೈಲಾನ್ ಕಾವಿಗೆ ಕರಗಬಹುದು. ಕೂಡಿದ ಅಂಚು ಕೆಳಗಿರಲಿ. ಮೊದಲೇ ಕಾಯಿಸಿದ 180 ಡಿಗ್ರಿ ಓವನ್‌ನಲ್ಲಿ ಹೆಚ್ಚುಕಮ್ಮಿ ಒಂದೂವರೆ ಗಂಟೆ ಬೇಕು. ಆದರೆ ಒಂದು ಗಂಟೆಗೇ ಥರ್ಮಾಮೀಟರ್ ಚುಚ್ಚಿ ನೋಡಲು ಶುರು ಮಾಡಿ. ಹೊರಗೆ ತೆಗೆದು ಹದಿನೈದು ನಿಮಿಷ ಬಿಟ್ಟು ಕೊಯ್ಯಿರಿ. ಬಿಸಿಯಲ್ಲೇ ಕೊಯ್ದರೆ ರಸವೆಲ್ಲ ಮಣೆ ಮೇಲೆ ಹರಿದುಹೋಗುತ್ತದೆ.

ಇನ್ನೊಂದು ಮಾತು. ನಿಮ್ಮ ವಿಧಾನದಲ್ಲಿ ಮಾಂಸವನ್ನು ನಲ್ಲಿ ಕೆಳಗೆ ಚೆನ್ನಾಗಿ ತೊಳೆಯಿರಿ ಅಂತಿದೆ. ನಮ್ಮ ಮನೆಗಳಲ್ಲಿ ಅದೇ ರೂಢಿ, ಗೊತ್ತು. ಆದರೂ ದಯವಿಟ್ಟು ಬೇಡ. ಹನಿ ಚಿಮ್ಮಿ ಪಕ್ಕದ ಸೊಪ್ಪು, ತಟ್ಟೆಗಳಿಗೆಲ್ಲ ರೋಗಾಣು ಹರಡುತ್ತದೆ. ಒಳಗಿನ ಕಾವು ಸರಿ ಇದ್ದರೆ ರೋಗಾಣು ಅಲ್ಲೇ ಸಾಯುತ್ತದೆ. ಕೈ, ಚಾಕು, ಮಣೆ ಮಾತ್ರ ಸೋಪು ಹಾಕಿ ತೊಳೆಯಲೇಬೇಕು.

ಹಂದಿ ತಿನ್ನದ ಮನೆಯವರು ಬೇಕನ್ ಬದಲು ಟರ್ಕಿಯ ಚರ್ಮವನ್ನೇ ಸುತ್ತಿ, ಮೇಲೆ ಬೆಣ್ಣೆ ಸವರಬಹುದು. ಆಗ ಉಪ್ಪು ಸ್ವಲ್ಪ ಹೆಚ್ಚಿಸಬೇಕು.

‘ಪರದೇಶದ ಹಕ್ಕಿ ನಮಗ್ಯಾಕೆ’ ಅಂತ ನೆರೆಯವರೊಬ್ಬರು ಕೇಳಿದರು. 1612ರಲ್ಲೇ ಗೋವಾದಿಂದ ಜಹಾಂಗೀರ್ ಬಾದಶಹನ ಹತ್ತಿರ ಟರ್ಕಿ ಹೋಗಿತ್ತು, ಅವನು ಮನ್ಸೂರ್ ಅನ್ನುವ ಕಲಾವಿದನಿಂದ ಅದರ ಚಿತ್ರ ಬರೆಸಿದ್ದ. ಹಕ್ಕಿಯ ಮೂಲ ಅಮೆರಿಕ ಖಂಡ. ನಾವು ದಿನಾ ಸಾರಿಗೆ ಹಾಕುವ ಒಣಮೆಣಸಿನಕಾಯಿ ಬಂದಿದ್ದೂ ಅಲ್ಲಿಂದಲೇ ಅಲ್ವಾ?

ಮುಂದಿನ ವರ್ಷವೂ ಇಂಥ ಅಡುಗೆ ಹಾಕಿ. ಆದರೆ ಡಿಸೆಂಬರ್ ಮೊದಲ ವಾರದಲ್ಲೇ ಹಾಕಿ. ಟರ್ಕಿಗೆ ಮೊದಲೇ ಹೇಳಿಟ್ಟು ತರಿಸಬೇಕು. ಮಂಜುಗಟ್ಟಿದ ಹಕ್ಕಿ ಬಂದರೆ ಅದನ್ನು ಹೊರಗಿಟ್ಟು ಕರಗಿಸಬಾರದು, ಫ್ರಿಜ್‌ನಲ್ಲೇ ಕರಗಬೇಕು. ಎರಡು ಕೆ.ಜಿ.ಗೆ ಒಂದು ದಿನ ಹಿಡಿಯುತ್ತದೆ. 5 ಕೆ.ಜಿ. ಹಕ್ಕಿಯಾದರೆ 22ನೇ ತಾರೀಖಿಗೇ ಫ್ರಿಜ್‌ನಲ್ಲಿ ಜಾಗ ಮಾಡಿರಬೇಕು.

– ನಿವೃತ್ತ ಅಡುಗೆಯವ, ಆಲ್ದೂರು, ಚಿಕ್ಕಮಗಳೂರು ತಾಲ್ಲೂಕು