ನೀನೂ ತಮ್ಮನನ್ನು ಕಳೆದುಕೊಂಡವಳು

ಮಲ್ಪೆ
ಜೂನ್ 20

ಚಿರಂಜೀವಿ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ "ದೊಡ್ಡಮ್ಮಾ, ನಾನು ಕೆಟ್ಟವಳು" ಎಂದವಳು ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟೆ. ಅದಕ್ಕೇ ಕಾಗದ. ಇದರಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಚಿಕ್ಕವನು ತಟ್ಟೆ ತಳ್ಳಿದ, ನೀನು ಬೆನ್ನಿಗೊಂದು ಕೊಟ್ಟೆ. ತಪ್ಪೇ. ಅವನ ಹತ್ತಿರ ಕೂತು ತಪ್ಪಾಯಿತೆಂದು ಹೇಳು. ಆದರೆ ಶವಾಗಾರದಲ್ಲಿ ತಮ್ಮನ, ಅವನ ಹೆಂಡತಿಯ ಗುರುತು ಹೇಳಿದವಳು ನೀನು. ಬೊಜ್ಜದ ಉತ್ತರಕ್ರಿಯೆ ಮುಗಿದ ಮರುದಿನವೇ ಅವರ ಇಬ್ಬರು ಮಕ್ಕಳ ಚೀಲ ಕಟ್ಟಿ ಶಾಲೆಗೆ ಹೊರಡಿಸಿದೆ. ನೀನು ಅತ್ತದ್ದು ಯಾವಾಗ? ಕಳೆದ ಸಲ ಬಂದಾಗ ಆಂಬುಲೆನ್ಸ್ ಸದ್ದಿಗೆ ಮಕ್ಕಳಿಗಿಂತ ಮೊದಲು ಬೆಚ್ಚಿದವಳು ನೀನು. ನಾನು ನೋಡಿದ್ದೇನೆ.

ನನ್ನ ಅಣ್ಣನ ಬೋಟು ತೂಫಾನಿಗೆ ಸಿಕ್ಕಿದ ವರ್ಷ ಅವನ ಮಗಳು ನಮ್ಮ ಮನೆಗೆ ಬಂದಳು. ಮಲಗುವ ಮುಂಚೆ ಹೊರಗಿನ ಚಪ್ಪಲಿ ಎಣಿಸುತ್ತಿದ್ದಳು. ನಾಲ್ಕು ಜೊತೆ ಇದ್ದರೆ ಮಾತ್ರ ಅವಳಿಗೆ ನಿದ್ದೆ. ಬರಬರುತ್ತಾ ಅವಳು ಮಲಗಿದ ಮೇಲೆ ನಾನು ಎಣಿಸತೊಡಗಿದೆ. ಗಾಳಿ ಎದ್ದರೆ ಎದೆ ಡವಡವ, ಗಂಜಿ ಗಂಟಲಲ್ಲಿ ಇಳಿಯದು. ಬಂದವರೆಲ್ಲ ಮಗುವಿಗೆ ಬಿಸ್ಕತ್ತು ತಂದರು, ನಿನಗೆ ಹೇಗಿದೆ ಎಂದು ಒಬ್ಬರೂ ನನ್ನನ್ನು ಕೇಳಲಿಲ್ಲ. ಎರಡು ವರ್ಷದ ಮೇಲೆ ಒಂದು ದಿನ ಬಂಗುಡೆ ಕೊಯ್ಯುತ್ತ ಕೂತವಳಿಗೆ ಅಳು ಬಂತು, ನಿಲ್ಲಲೇ ಇಲ್ಲ. ಮೀನೆಲ್ಲ ಬೆಕ್ಕಿನ ಪಾಲಾಯಿತು.

ಅಕ್ಕಪಕ್ಕದವರು ದೆವ್ವದ ಸೋಂಕು ಎಂದರು. ಈಗಿನ ಡಾಕ್ಟರರು ಮಾನಸಿಕ ಆಘಾತ ಎನ್ನುತ್ತಾರೆ. ಮಕ್ಕಳ ಭಯವನ್ನು ದಿನವೂ ಕೇಳುವವರಿಗೂ ಅದು ಹತ್ತುತ್ತದಂತೆ. ನಿನಗಂತೂ ಸ್ವಂತ ದುಃಖವೂ ಇದೆ. ನಿದ್ದೆ ಬಾರದ ರಾತ್ರಿ 14416ಕ್ಕೆ ಕರೆ ಮಾಡು. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿಯನ್ನು 2022ರಿಂದ ಸರ್ಕಾರ ನಡೆಸುತ್ತಿದೆ. ದುಡ್ಡಿಲ್ಲ, ಹಗಲುರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತನಾಡುತ್ತಾರೆ. ಅಷ್ಟು ಸಾಲದಿದ್ದರೆ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗು. ಚೀಟಿ ಮಾಡಿಸುವಾಗ ಯಾರಾದರೂ ನೋಡಿದರೆ ನೋಡಲಿ. ಜ್ವರಕ್ಕೆ ಹೋಗುವಾಗ ಮುಖ ಮುಚ್ಚಿಕೊಳ್ಳುತ್ತೇವೆಯೇ?

ಇನ್ನು ಹಣದ ಮಾತು. ಮಿಷನ್ ವಾತ್ಸಲ್ಯ ಎಂಬ ಸರ್ಕಾರಿ ಯೋಜನೆಯಲ್ಲಿ ಅಪ್ಪ ಅಮ್ಮ ಇಲ್ಲದ ಇಂಥ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸು. ಸಂಕೋಚ ಬೇಡ, ಅದು ಮಕ್ಕಳ ಹಕ್ಕು.

ಶನಿವಾರ ನಾನೇ ಬಂದು ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ. ಮಳೆಗಾಲದ ರಜೆಗೆ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿವೆ, ಚಿಕ್ಕವನು ಎಣಿಸಲಿ. ಕೆಸುವಿನ ಎಲೆ ಚೆನ್ನಾಗಿ ಬಂದಿದೆ, ಪತ್ರೊಡೆ ಮಾಡುತ್ತೇನೆ. ನೀನು ಬರಬೇಡ. ಬಾಗಿಲು ಹಾಕಿಕೊಂಡು ಮಲಗು, ಅಳು, ಏನಾದರೂ ಮಾಡಿಕೋ. ಬಟ್ಟೆಯ ರಾಶಿ ಒಗೆಯಲು ಮಾತ್ರ ಕೂರಬೇಡ.

ಇಂತು,
ದೊಡ್ಡಮ್ಮ