ನೋಡುವುದಕ್ಕೂ ಇನ್ನು ಚಾರ್ಜು: ಹೈಬ್ರಿಡ್ ಗಾಡಿ ಇರುವ ನಮ್ಮ ಗ್ರಾಹಕರಿಗೆ

ನಮಸ್ಕಾರ,

ನೇರ ವಿಷಯಕ್ಕೇ ಬರುತ್ತೇನೆ. ಮುಂದಿನ ತಿಂಗಳು ಒಂದನೇ ತಾರೀಕಿನಿಂದ ಮಂಗಳೂರಿನ ಕೂಳೂರಿನಲ್ಲಿರುವ ನಮ್ಮ ರಿಪೇರಿ ಶೆಡ್ಡಿನಲ್ಲಿ ಹೈಬ್ರಿಡ್ ಗಾಡಿಯ, ಅಂದರೆ ಎಂಜಿನ್ ಜೊತೆ ದೊಡ್ಡ ಬ್ಯಾಟರಿ, ಮೋಟಾರೂ ಇರುವ ಗಾಡಿಯ ತಪಾಸಣೆಗೆ 2,400 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ರಿಪೇರಿ ನಮ್ಮಲ್ಲೇ ಮಾಡಿಸಿದರೂ ಅಷ್ಟೇ, ಮಾಡಿಸದೆ ಹೋದರೂ ಅಷ್ಟೇ. ಇನ್ನೊಂದು ವಿಷಯ, ದೊಡ್ಡ ಬ್ಯಾಟರಿಯೊಳಗೆ ಹಾಳಾದ ಒಂದೇ ಒಂದು ಮಾಡ್ಯೂಲ್ (ಕೆಲವು ಸೆಲ್ ಸೇರಿದ ಒಂದು ಕಟ್ಟು) ಬದಲಿಸಿ ಕೊಡುವ ಕೆಲಸವನ್ನು ಪೂರ್ತಿ ನಿಲ್ಲಿಸುತ್ತಿದ್ದೇವೆ.

ಇದನ್ನೇ ವಾಟ್ಸಾಪ್‌ನಲ್ಲಿ ಎರಡು ಸಾಲಲ್ಲಿ ಹಾಕಿದ್ದೆ. ಬಂದ ಉತ್ತರ ನೋಡಿ ಮಂಡೆಬಿಸಿ ಆಯಿತು. ಆ ಎರಡು ಸಾಲು ಸ್ವಲ್ಪ ಒರಟಾಗಿಯೇ ಇತ್ತು, ಒಪ್ಪುತ್ತೇನೆ, ಕ್ಷಮೆ ಇರಲಿ. ಊಟಕ್ಕೆ ಕೂತಲ್ಲಿಂದ ಎದ್ದು ಬಂದು ಟೈಪ್ ಮಾಡಿದ್ದು. ಈಗ ಸಮಾಧಾನದಲ್ಲಿ ಬರೆಯುತ್ತಿದ್ದೇನೆ.

"ಲ್ಯಾಪ್‌ಟಾಪ್ ಸಿಕ್ಕಿಸಿ ನೋಡ್ಲಿಕ್ಕೆ ಎರಡೂವರೆ ಸಾವಿರವಾ ಮಾರಾಯ್ರೆ?" ಈ ಮಾತನ್ನು ಹದಿನೈದು ದಿನದಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕ ಇಲ್ಲ. ಕೆಲವರು ಆನ್‌ಲೈನ್‌ನಲ್ಲಿ ತರಿಸಿದ ಬ್ಲೂಟೂತ್ ಡಬ್ಬಿಯನ್ನು ಜೇಬಿನಿಂದ ತೆಗೆದು, "ಕೋಡ್ ನಾನೇ ಓದಿದ್ದೇನೆ, ನೀವು ಸುಮ್ನೆ ರಿಪೇರಿ ಮಾಡಿ" ಅಂದದ್ದೂ ಆಯಿತು.

ಕೋಡ್ ಅಂದರೆ ತೊಂದರೆ ಕಂಡಾಗ ಗಾಡಿಯ ಕಂಪ್ಯೂಟರ್ ಬರೆದಿಡುವ ನಂಬರು. ಅದನ್ನು ಓದುವುದು ಬೇರೆ, ಗಾಡಿ ನೋಡುವುದು ಬೇರೆ. ಪಿ0ಎ80 ಅಂತ ಒಂದು ಕೋಡ್ ಇದೆ. ಅದರ ಹೆಸರೇ "ಹೈಬ್ರಿಡ್ ಬ್ಯಾಟರಿ ಪ್ಯಾಕ್ ಬದಲಿಸಿ" ಎಂದು. ಹೆಸರು ಓದಿ ಎಸ್ಟಿಮೇಟ್ ಬರೆಯುವುದಾದರೆ ಎರಡು ನಿಮಿಷದ ಕೆಲಸ, ಅದಕ್ಕೆ ನಾನೂ ದುಡ್ಡು ಕೇಳುವುದಿಲ್ಲ. ಆದರೆ ಗಾಡಿಯ ಕಂಪ್ಯೂಟರಿಗೆ ಗೊತ್ತಿರುವುದು ಬ್ಯಾಟರಿಯ ಬ್ಲಾಕ್‌ಗಳ, ಅಂದರೆ ಎರಡೆರಡು ಮಾಡ್ಯೂಲ್ ಸೇರಿದ ಜೋಡಿಗಳ, ನಡುವೆ ವೋಲ್ಟೇಜ್ ವ್ಯತ್ಯಾಸ ಇದೆ ಅಂತ ಮಾತ್ರ. ಸೆಲ್ ಸತ್ತೇ ಹೋಗಿರಬಹುದು. ಇಲ್ಲ, ನಮ್ಮ ಉಪ್ಪು ಗಾಳಿಗೆ ಮಾಡ್ಯೂಲ್‌ಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳು ಹಸಿರು ಹಿಡಿದು ಸುಳ್ಳು ವೋಲ್ಟೇಜ್ ತೋರಿಸುತ್ತಿರಬಹುದು. ಒಂದಕ್ಕೆ ಲಕ್ಷಗಳ ಖರ್ಚು. ಇನ್ನೊಂದಕ್ಕೆ ಬಿಚ್ಚಿ ಉಜ್ಜುವ ಕೆಲಸ.

ಕಳೆದ ಮೇ ತಿಂಗಳಲ್ಲಿ ಉಡುಪಿ ಕಡೆಯ ಒಂದು ಗಾಡಿ ಬಂತು. ಶಿರಾಡಿ ಘಾಟಿ ಹತ್ತುವಾಗ ಪಿಕಪ್ ಬಿದ್ದುಹೋಗಿ, ಹೈಬ್ರಿಡ್ ಸಿಸ್ಟಂ ಚೆಕ್ ಮಾಡಿಸಿ ಅಂತ ಮೆಸೇಜ್ ಬಂದಿತ್ತು. ಬೇರೊಂದು ಕಡೆ ತೋರಿಸಿದ್ದರು. ಪ್ಯಾಕೇ ಹೋಗಿದೆ ಅಂದರಂತೆ. ಆ ಎಸ್ಟಿಮೇಟ್ ಕಾಗದ ಅವರ ಕೈಯಲ್ಲೇ ಇತ್ತು, ಮಡಚಿ ಮಡಚಿ ಮೂಲೆ ಹರಿದಿತ್ತು. ನಾವು ಲ್ಯಾಪ್‌ಟಾಪ್ ಹಚ್ಚಿಕೊಂಡು ಗಾಡಿಯನ್ನು ಸುರತ್ಕಲ್ ತನಕ ಓಡಿಸಿದೆವು. ಹೋಗುವಾಗ ಜೋರು ಎಕ್ಸಿಲರೇಟರ್, ಬರುವಾಗ ಮೆಲ್ಲಗೆ. 17 ಬ್ಲಾಕ್‌ಗಳೂ ಒಟ್ಟಿಗೆ ಏರುತ್ತಿವೆ, ಒಟ್ಟಿಗೆ ಇಳಿಯುತ್ತಿವೆ. ಒಂದು ಬ್ಲಾಕ್ ಸತ್ತಿದ್ದರೆ ಉಳಿದವು 15 ವೋಲ್ಟ್ ಹತ್ತಿರ ನಿಂತಿರುವಾಗ ಅದೊಂದೇ 13ಕ್ಕೆ ಜಾರಬೇಕಿತ್ತು. ಹಾಗೆ ಏನೂ ಇಲ್ಲ. ಆದರೆ ಬ್ಯಾಟರಿ ಮಾತ್ರ ಕಾದ ಕಾವಲಿ, ಹಿಂದೆ ಫ್ಯಾನ್ ಬೊಬ್ಬೆ ಹೊಡೆಯುತ್ತಿದೆ.

ಹಿಂದಿನ ಸೀಟಿನ ಪಕ್ಕದ ಜಾಲರಿ ಬಿಚ್ಚಿದೆವು. ಒಳಗೆ ಫಿಲ್ಟರಿನ ಮೇಲೆ ಕಂಬಳಿ ಹಾಗೆ ಒಂದು ಪದರ. ನಾಯಿ ಕೂದಲು, ಬೀಚಿನ ಮರಳು, ನಡುವೆ ಒಣಗಿ ಕಂದಾದ ಶಂಕರಪುರ ಮಲ್ಲಿಗೆಯ ಎಸಳುಗಳು. ಯಾವ ಮದುವೆಗೆ ಹೋಗಿ ಬಂದದ್ದೋ. ಬ್ಯಾಟರಿ ತಣ್ಣಗಾಗಲು ಗಾಳಿ ಎಳೆದುಕೊಳ್ಳುವುದೇ ಆ ಜಾಲರಿಯಿಂದ.

ಪತ್ತೆ ಮಾಡಲು ಎರಡೂವರೆ ಗಂಟೆ. ಕ್ಲೀನ್ ಮಾಡಲು ಇಪ್ಪತ್ತು ನಿಮಿಷ. ನಾವು ಬಿಲ್ ಮಾಡಿದ್ದು ಇಪ್ಪತ್ತು ನಿಮಿಷಕ್ಕೆ, 600 ರೂಪಾಯಿ. ಅವರು ಖುಷಿಯಲ್ಲಿ ಹೋದರು. ಮರುವಾರ ಹಲಸಿನ ಹಪ್ಪಳದ ಕಟ್ಟು ಕಳಿಸಿದರು. ಹಪ್ಪಳ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಸ್ಕ್ಯಾನರ್ ಸಾಫ್ಟ್‌ವೇರಿನವರು ಹಪ್ಪಳ ತೆಗೆದುಕೊಳ್ಳುವುದಿಲ್ಲ ಅಲ್ವಾ?

ಆ ಸಾಫ್ಟ್‌ವೇರ್ ಒಂದು ಸಲ ಕೊಂಡರೆ ಮುಗಿಯುವ ಸಾಮಾನಲ್ಲ. ವರ್ಷ ವರ್ಷ ಬಾಡಿಗೆ, ಅದೂ ಡಾಲರ್ ಲೆಕ್ಕದಲ್ಲಿ. ಇನ್ನು ಗ್ಲೌಸ್. "ರಬ್ಬರ್ ಗ್ಲೌಸಿಗೆ ಎಂತ ಖರ್ಚು" ಅಂತ ಒಬ್ಬರು ನಕ್ಕರು. 1,000 ವೋಲ್ಟ್ ತಡೆಯುವ ಗ್ಲೌಸ್ ಅದು, ಮೇಲಿಂದ ಚರ್ಮದ್ದು ಇನ್ನೊಂದು ಜೊತೆ. ಪ್ರತಿ ಸಲ ಗಾಳಿ ತುಂಬಿ ತೂತು ಇದೆಯಾ ನೋಡಬೇಕು. ಬಳಕೆಯಲ್ಲಿರುವುದನ್ನು ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಕಳಿಸಬೇಕು. ಸಣ್ಣ ತೂತು ಇದ್ದರೂ ಕತ್ತರಿಸಿ ಬಿಸಾಡಬೇಕು. ಟೊಯೋಟಾದ ಹಳೆ ಕ್ಯಾಮ್ರಿ ಹೈಬ್ರಿಡ್‌ನ ಪ್ಯಾಕ್ 244.8 ವೋಲ್ಟ್. ಮನೆ ಕರೆಂಟಿನಷ್ಟೇ ಅಲ್ವಾ ಅನ್ನಬೇಡಿ. ಇನ್ವರ್ಟರ್ ಅದನ್ನು 650 ವೋಲ್ಟ್‌ವರೆಗೆ ಏರಿಸುತ್ತದೆ. ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಹಿಡಿದಿಟ್ಟುಕೊಂಡಿರುವ ಕೆಪಾಸಿಟರ್ ಖಾಲಿಯಾಗಲು 10 ನಿಮಿಷ ಕಾಯಬೇಕು. ಆ ಹತ್ತು ನಿಮಿಷ ನಮ್ಮ ಹುಡುಗರು ಗಾಡಿ ಪಕ್ಕ ಕೈಕಟ್ಟಿ ನಿಂತದ್ದನ್ನು ನೋಡಿ ಒಬ್ಬರು, "ಇವರಿಗೆ ಕೆಲಸ ಇಲ್ವಾ?" ಅಂತ ಕೇಳಿದ್ದರು. ಅದೇ ಅವರ ಕೆಲಸ. ಅವರ ಮನೆಯಲ್ಲೂ ಹೆಂಡತಿ ಮಕ್ಕಳಿದ್ದಾರೆ.

ದೊಡ್ಡ ಗಾಡಿ ಇಟ್ಟವರಿಗೆ ಎರಡು ಸಾವಿರ ಯಾವ ಲೆಕ್ಕ ಅಂತ ನಾನು ಹೇಳುವುದಿಲ್ಲ. ನಿಮ್ಮಲ್ಲಿ ಜಾಸ್ತಿ ಜನ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಜೋಪಾನ ಮಾಡುವವರು, ನನಗೆ ಗೊತ್ತು. ಜಿಎಸ್‌ಟಿ ಇಳಿದ ಮೇಲೂ ಬಿಲ್ ಇಳಿಯಲಿಲ್ಲ ಅನ್ನುವ ಮಾತಿಗೂ ಉತ್ತರ ಕೊಟ್ಟುಬಿಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗದ ತೆರಿಗೆ 28ರಿಂದ 18 ಶೇಕಡಕ್ಕೆ ಬಂತು. ಪಾರ್ಟ್ಸ್ ಸಾಲಿನಲ್ಲಿ ಅದನ್ನು ಅಂದಿನಿಂದಲೇ ಇಳಿಸಿದ್ದೇವೆ, ಹಳೆ ಬಿಲ್ ಇದ್ದರೆ ಪಕ್ಕಕ್ಕಿಟ್ಟು ನೋಡಿ. ಲೇಬರ್ ಮೇಲೆ ಮೊದಲೂ 18, ಈಗಲೂ 18.

ಇನ್ನು ಮಾಡ್ಯೂಲ್ ವಿಷಯ. ಇಲ್ಲಿ ತಪ್ಪು ನಮ್ಮದೇ. ಆ ಕ್ಯಾಮ್ರಿ ಪ್ಯಾಕ್‌ನಲ್ಲಿ 34 ಮಾಡ್ಯೂಲ್, ಒಂದೊಂದು 7.2 ವೋಲ್ಟ್. ಒಂದು ಹೋದರೆ ಒಂದನ್ನೇ ಬದಲಿಸಿದರೆ ಗ್ರಾಹಕರಿಗೆ ಉಳಿತಾಯ ಅಂತ ನಾವು ಭಾವಿಸಿದ್ದೆವು. ಹಳೆ ಹೆಂಚಿನ ಮನೆಯವರಿಗೆ ಇದು ಬೇಗ ಅರ್ಥ ಆಗುತ್ತದೆ. ಒಡೆದ ಹೆಂಚು ತೆಗೆದು ಬೇರೆ ಕಾರ್ಖಾನೆಯ ಹೊಸ ಹೆಂಚು ಇಟ್ಟರೆ ಅದು ಸರಿಯಾಗಿ ಕೂರುವುದಿಲ್ಲ, ಮುಂದಿನ ಮಳೆಗೆ ಪಕ್ಕದ್ದು ಸೋರುತ್ತದೆ. ಇಲ್ಲೂ ಅದೇ ಕಥೆ. 33 ಹಳತರ ಜೊತೆ ಹೊಸದು ಸಮ ಆಗುವುದಿಲ್ಲ. ನಾಲ್ಕೈದು ತಿಂಗಳಲ್ಲಿ ಇನ್ನೊಂದು ಹಳತು ಕೈಕೊಡುತ್ತದೆ. ಕಳೆದ ವರ್ಷ ಹಾಗೆ ಮೂರು ಗಾಡಿ ವಾಪಸ್ ಬಂದವು. ಅದರಲ್ಲಿ ಒಬ್ಬರ ಹತ್ತಿರ ನಾವು ಎರಡನೇ ಸಲವೂ ಲೇಬರ್ ತೆಗೆದುಕೊಂಡಿದ್ದೆವು. ಅದನ್ನು ಹೋದ ವಾರ ವಾಪಸ್ ಕೊಟ್ಟೆ. ಇನ್ನು ಮುಂದೆ ಬದಲಿಸುವುದಾದರೆ ಪೂರ್ತಿ ಪ್ಯಾಕ್, ಇಲ್ಲದಿದ್ದರೆ ಆ ಕೆಲಸವೇ ಬೇಡ. ಪ್ಲಗ್-ಇನ್ ಗಾಡಿಗಳ, ಅಂದರೆ ಹೊರಗಿನ ಕರೆಂಟಿನಿಂದ ಚಾರ್ಜ್ ಮಾಡುವ ಗಾಡಿಗಳ, ಲಿಥಿಯಂ ಬ್ಯಾಟರಿಗೆ ನಾವು ಮೊದಲಿಂದಲೂ ಕೈ ಹಾಕಿದವರಲ್ಲ.

ವಾರಂಟಿ ಇರುವ ಗಾಡಿಯ ಬ್ಯಾಟರಿ ತೊಂದರೆಗೆ ದಯವಿಟ್ಟು ನಮ್ಮಲ್ಲಿಗೆ ಬರಬೇಡಿ, ಶೋರೂಮಿಗೇ ಹೋಗಿ. 2021ರ ಆಗಸ್ಟ್‌ನಿಂದ ಕ್ಯಾಮ್ರಿ, ವೆಲ್‌ಫೈರ್‌ಗಳ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಇದೆ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿವರೆಗೆ. ಬೇರೆ ಗಾಡಿಯವರು ತಮ್ಮ ವಾರಂಟಿ ಪುಸ್ತಕ ತೆಗೆದು ನೋಡಿ. ನಮ್ಮಲ್ಲಿ ಆಯಿಲ್ ಬದಲಿಸಿದರೆ ಇಡೀ ವಾರಂಟಿ ಹೋಗುತ್ತದೆ ಅಂತ ಕೆಲವರನ್ನು ಹೆದರಿಸಿದ್ದಾರೆ. ಹೊರಗೆ ರಿಪೇರಿ ಮಾಡಿಸಿದ್ದಕ್ಕೇ ವಾರಂಟಿ ರದ್ದು ಅನ್ನುವ ಸಾರಾಸಗಟು ಷರತ್ತು ಹಾಕುವ ಹಾಗಿಲ್ಲ, ಹೊರಗಿನ ಕೆಟ್ಟ ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಅಂತ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳ ಮೇಲಿನ ಆದೇಶದಲ್ಲಿ ಹೇಳಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಮಾತು. ನನ್ನ ಸಲಹೆ ಇಷ್ಟೇ. ಆಯಿಲ್, ಬ್ರೇಕ್ ಎಲ್ಲಿ ಬೇಕಾದರೂ ಮಾಡಿಸಿ, ಬಿಲ್ ಜೋಪಾನ ಇಡಿ. ವಾರಂಟಿ ಮುಗಿಯುವ ತನಕ ದೊಡ್ಡ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ವಯರಿಗೆ ಹೊರಗಿನ ಯಾರೂ ಕೈ ಹಾಕದ ಹಾಗೆ ನೋಡಿಕೊಳ್ಳಿ. ನಾವೂ ಸೇರಿ.

ತಪಾಸಣೆಗೆ ದುಡ್ಡು ಕೇಳುತ್ತೇನೆ ಅಂತ ಸುಮ್ಮನೆ ತಪಾಸಣೆಗೆ ಬನ್ನಿ ಅನ್ನುವವನಲ್ಲ ನಾನು. ಮನೆಯಲ್ಲೇ ತಪ್ಪಿಸಬಹುದಾದದ್ದು ತುಂಬಾ ಇದೆ.

ಗಲ್ಫ್‌ನಲ್ಲಿರುವವರ ಗಾಡಿಗಳದ್ದೇ ನಮಗೆ ಅರ್ಧ ಕೆಲಸ. ತಿಂಗಳುಗಟ್ಟಲೆ ಪೋರ್ಟಿಕೋದಲ್ಲಿ ನಿಂತಿರುತ್ತವೆ. ಊರಿಗೆ ಬಂದ ದಿನ ಬಟನ್ ಒತ್ತಿದರೆ ದೀಪಾವಳಿ ಹಾಗೆ ಎಲ್ಲಾ ಲೈಟು ಹೊತ್ತಿಕೊಳ್ಳುತ್ತದೆ, ಗಾಡಿ ಅಲುಗಾಡುವುದಿಲ್ಲ. "ದೊಡ್ಡ ಬ್ಯಾಟರಿ ಹೋಯ್ತು" ಅಂತ ಫೋನು. ಹತ್ತರಲ್ಲಿ ಎಂಟು ಸಲ ಹೋಗಿರುವುದು ಡಿಕ್ಕಿಯಲ್ಲಿರುವ ಸಣ್ಣ 12 ವೋಲ್ಟಿನದ್ದು. ಕಂಪ್ಯೂಟರ್ ಏಳಬೇಕಾದರೂ, ದೊಡ್ಡ ಬ್ಯಾಟರಿಯನ್ನು ಜೋಡಿಸುವ ಸ್ವಿಚ್ಚು (ರಿಲೇ) ಕೂರಬೇಕಾದರೂ ಅದೇ ಬೇಕು. ಒಂದು ಮನೆಯಲ್ಲಿ ಅಪ್ಪ ವಾರಕ್ಕೊಮ್ಮೆ ತಪ್ಪದೆ ಅರ್ಧ ಗಂಟೆ ಗಾಡಿ ಆನ್ ಮಾಡಿಟ್ಟು ರೇಡಿಯೋ ಕೇಳುತ್ತಿದ್ದರು. ಪಾಪ, ಬ್ರೇಕ್ ಒತ್ತದೆ ಬಟನ್ ಒತ್ತುತ್ತಿದ್ದರು. ಹಾಗೆ ಮಾಡಿದರೆ ಚಾರ್ಜ್ ಆಗುವುದಿಲ್ಲ, ಇದ್ದದ್ದೂ ಖಾಲಿ. ಬ್ರೇಕ್ ಒತ್ತಿಹಿಡಿದು ಬಟನ್ ಒತ್ತಿ, "ರೆಡಿ" ಅನ್ನುವ ಹಸಿರು ಅಕ್ಷರ ಬರಬೇಕು. ಗೇರ್ ಪಾರ್ಕಿನಲ್ಲೇ ಇರಲಿ, ನ್ಯೂಟ್ರಲ್‌ನಲ್ಲಿ ಬೇಡ, ಅದರಲ್ಲಿ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಎಂಜಿನ್ ಶಬ್ದ ಇಲ್ಲ ಅಂತ ಗಾಬರಿ ಬೇಡ. ಬೇಕಾದಾಗ ಅದೇ ಸ್ಟಾರ್ಟ್ ಆಗುತ್ತದೆ. ಹಾಗಾಗಿ ಬಾಗಿಲು ಹಾಕಿದ ಶೆಡ್ಡಿನೊಳಗೆ ಇದನ್ನು ಮಾಡಬೇಡಿ, ಹೊಗೆ ತುಂಬಿ ಜೀವಕ್ಕೆ ಅಪಾಯ.

ಬ್ರೇಕ್ ಪ್ಯಾಡ್ ಲಕ್ಷ ಕಿಲೋಮೀಟರ್ ಬಂತು ಅಂತ ಹೆಮ್ಮೆ ಪಡುವವರಿದ್ದಾರೆ. ಹೆಚ್ಚಿನ ಬ್ರೇಕನ್ನು ಮೋಟಾರೇ ಮಾಡುತ್ತದೆ, ಪ್ಯಾಡ್ ಸವೆಯುವುದಿಲ್ಲ ನಿಜ. ಆದರೆ ಪಣಂಬೂರು, ಮಲ್ಪೆ ಕಡೆ ಸಮುದ್ರದ ಹತ್ತಿರ ಇರುವವರ ಡಿಸ್ಕ್ ತುಕ್ಕು ಹಿಡಿಯುತ್ತದೆ, ಕ್ಯಾಲಿಪರ್ ಪಿನ್ ಜಾಮ್ ಆಗುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿಸಿ ಗ್ರೀಸ್ ಹಾಕಿಸಿ. ಇದಕ್ಕೆ 2,400 ಕೊಡಬೇಕಾಗಿಲ್ಲ.

ಶಿರಾಡಿಯೋ ಆಗುಂಬೆಯೋ ಇಳಿಯುವಾಗ ಎಂಜಿನ್ ತನ್ನಷ್ಟಕ್ಕೆ ಜೋರಾಗಿ ಕೂಗಿದರೆ ಏನೂ ಆಗಿಲ್ಲ. ಬ್ಯಾಟರಿ ತುಂಬಿದೆ, ಇನ್ನು ಚಾರ್ಜ್ ಹಿಡಿಯುವುದಿಲ್ಲ, ಅದಕ್ಕೆ ಎಂಜಿನ್ನಿನಿಂದ ವೇಗ ತಡೆಯುತ್ತಿದೆ.

ಮಳೆಗೆ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ, ಪಂಪ್‌ವೆಲ್ಲಿನಲ್ಲಿ ನೀರಲ್ಲಿ ಸಿಕ್ಕಿಬಿದ್ದ ಗಾಡಿಯನ್ನು "ಒಮ್ಮೆ ಒತ್ತಿ ನೋಡುವ" ಅಂತ ಮಾತ್ರ ಮಾಡಬೇಡಿ. ಹಗ್ಗ ಕಟ್ಟಿ ಎಳೆಯಲೂ ಬೇಡ. ಮುಂದಿನ ಚಕ್ರ ತಿರುಗಿದರೆ ಮೋಟಾರಿನಲ್ಲಿ ಕರೆಂಟ್ ಹುಟ್ಟುತ್ತದೆ. ಲಾರಿ ಮೇಲೆ ಹಾಕಿಯೇ ತನ್ನಿ. ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡಿ, ಫೋನಿನಲ್ಲಿ ಹೇಳಿಕೊಡಲು ಯಾವತ್ತೂ ಚಾರ್ಜು ಇಲ್ಲ.

ಈಗಾಗಲೇ ಶೆಡ್ಡಿನಲ್ಲಿರುವ ಗಾಡಿಗಳಿಗೂ, ಈ ತಿಂಗಳು ಬುಕ್ ಮಾಡಿದವರಿಗೂ ಹಳೆ ಲೆಕ್ಕವೇ. ಹೈಬ್ರಿಡ್ ಕೆಲಸ ಇನ್ನು ಮಂಗಳವಾರ, ಶುಕ್ರವಾರ ಮಾತ್ರ, ಒಂದು ದಿನಕ್ಕೆ ಎರಡೇ ಗಾಡಿ. ತಪಾಸಣೆ ಆದ ಮೇಲೆ ಬ್ಲಾಕ್‌ಗಳ ವೋಲ್ಟೇಜ್ ಪ್ರಿಂಟ್ ನಿಮ್ಮ ಕೈಗೆ ಕೊಡುತ್ತೇವೆ. ಅದನ್ನು ಹಿಡಿದುಕೊಂಡು ಬೇರೆ ಎಲ್ಲಿಗೆ ಹೋದರೂ ನಮಗೆ ಬೇಜಾರಿಲ್ಲ.

ಬರುವ ದಿನ ಹಿಂದಿನ ಸೀಟಿನ ಸಾಮಾನು ಖಾಲಿ ಮಾಡಿಕೊಂಡು ಬನ್ನಿ. ಸೀಟ್ ಕವರ್ ಆ ಜಾಲರಿಯನ್ನು ಮುಚ್ಚಿದೆಯಾ ಅಂತ ಇವತ್ತೇ ಒಮ್ಮೆ ನೋಡಿ.

ಇಂತಿ,
ನಿಮ್ಮ ಕೂಳೂರು ಶೆಡ್ಡಿನವ, ಹುಡುಗರೆಲ್ಲರ ಪರವಾಗಿ